ಜೇಮ್ಸ್ ಕಸಿನ್ಸ್: ದೂರದೇಶಗಳಲ್ಲಿ ಇಂಗ್ಲಿಷ್ ಕಲಿಸಿದ ಉಪಾಧ್ಯಾಯರು

ನಮ್ಮ ಶಾಲೆಯ ಬೆಳಗಿನ ಸಭೆಯಲ್ಲಿ ಹುಡುಗಿಯರು ನಾಡಗೀತೆಯನ್ನೂ ರಾಷ್ಟ್ರಗೀತೆಯನ್ನೂ ಹಾಡುವರು. ಮೊದಲನೆಯದು ಶ್ರೀ ಕುವೆಂಪು ಅವರ ಕೃತಿ. ಎರಡನೆಯದು ರವೀಂದ್ರನಾಥ ಠಾಕೂರರದು. ಇಷ್ಟನ್ನು ಎಂಟನೆಯ ತರಗತಿಯ ಮಗುವೂ ಹೇಳಬಲ್ಲಳು. ಆದರೆ ರಾಷ್ಟ್ರಗೀತೆಯ ರಾಗವನ್ನು ಸ್ವರಲಿಪಿಯಲ್ಲಿ ಬರೆದಿಟ್ಟವರು ಐರ್ಲೆಂಡಿನ ಒಬ್ಬ ಮಹಿಳೆ. ನಾಡಗೀತೆಯನ್ನು ಬರೆದ ಕವಿಯನ್ನು ಅವರ ತಾರುಣ್ಯದಲ್ಲಿ ಇಂಗ್ಲಿಷ್ ಕವಿತೆಯಿಂದ ಕನ್ನಡ ಕವಿತೆಯ ಕಡೆಗೆ ತಿರುಗಿಸಿದವರು ಆಕೆಯ ಪತಿ. ಒಂದೇ ಮನೆಯ ಗಂಡಹೆಂಡಿರಿಗೆ ಈ ಎರಡು ಹಾಡುಗಳೊಡನೆಯೂ ಸಂಬಂಧವಿದ್ದಿತೆಂಬುದನ್ನು ಬಲ್ಲವರು ವಿರಳ. ಆ ಪತಿಯ ಹೆಸರು ಜೇಮ್ಸ್ ಹೆನ್ರಿ ಕಸಿನ್ಸ್. ಆತನ ವೃತ್ತಿ, ನಮ್ಮಲ್ಲಿ ಹಲವರದಂತೆಯೇ, ಇಂಗ್ಲಿಷ್ ಪಾಠ ಹೇಳುವುದು.

ಈ ಸ್ಮರಣ ಸಂಚಿಕೆಗಾಗಿ ಆತನ ಜೀವನಚರಿತ್ರೆಯನ್ನು ನಾವು ಆರಿಸಿಕೊಂಡುದಕ್ಕೆ ಕಾರಣವೊಂದುಂಟು. ಹುಣಸೂರಿನಿಂದಲೂ ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಹಳ್ಳಿಗಳಿಂದಲೂ ಹೆಣ್ಣುಮಕ್ಕಳನ್ನು ಸೇರಿಸಲು ಬರುವ ತಾಯಿತಂದೆಗಳು ವರ್ಷವರ್ಷವೂ ನಮ್ಮನ್ನು ಕೇಳುವ ಮೊದಲ ಪ್ರಶ್ನೆಯು ಇಂಗ್ಲಿಷನ್ನು ಕುರಿತದ್ದೇ. ಹೊಗೆಸೊಪ್ಪು ಬೆಳೆದು, ಹದಗೊಳಿಸಿ, ಹರಾಜುಕಟ್ಟೆಯಲ್ಲಿ ಬಂದ ಹಣದಲ್ಲಿ ಮಗಳ ಓದಿಗೆಂದು ಒಂದು ಪಾಲನ್ನು ತೆಗೆದಿಟ್ಟ ತಂದೆಯು, ಆಕೆಗೆ ಇಂಗ್ಲಿಷ್ ಬರಬೇಕೆಂದು ಅಪೇಕ್ಷಿಸುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಇತ್ತೀಚಿನ ವರ್ಷಗಳಲ್ಲಿ ಆ ಪ್ರಶ್ನೆಯ ಬೆನ್ನಿಗೇ ಮತ್ತೊಂದು ಮಾತು ಬರುತ್ತಿರುವುದು: ಕನ್ನಡವನ್ನು ಇಷ್ಟು ಕಲಿಸುವುದೇತಕ್ಕೆ, ಆ ಹೊತ್ತನ್ನೂ ಇಂಗ್ಲಿಷಿಗೇ ಕೊಡಬಾರದೇ ಎಂದು. ಇದಕ್ಕೆ ನಾವು ಕೊಡುವ ಉತ್ತರಕ್ಕಿಂತ ಕಸಿನ್ಸರ ಬಾಳು ಕೊಡುವ ಉತ್ತರವು ತೂಕವುಳ್ಳದ್ದೆಂದು ನಮ್ಮ ಭಾವನೆ.

ಕಸಿನ್ಸರು ಜನಿಸಿದ್ದು 1873ನೆಯ ಇಸವಿ ಜುಲೈ 22ರಂದು, ಐರ್ಲೆಂಡಿನ ಉತ್ತರಭಾಗದ ಬೆಲ್‌ಫಾಸ್ಟ್ ನಗರದಲ್ಲಿ. ಕುಟುಂಬವು ಮೆಥೋಡಿಸ್ಟ್ ಪಂಥದ್ದು, ಅನುಕೂಲವು ಅಷ್ಟಕ್ಕಷ್ಟೇ. ಎಳೆಯ ವಯಸ್ಸಿನಲ್ಲಿಯೇ ಗುಮಾಸ್ತೆಯ ಕೆಲಸಕ್ಕೆ ಸೇರಿದ ಹುಡುಗನು ರಾತ್ರಿಶಾಲೆಗಳಲ್ಲಿ ಓದಿ, ತನ್ನ ಪಾಂಡಿತ್ಯವನ್ನು ತಾನೇ ಸಂಪಾದಿಸಿಕೊಳ್ಳಬೇಕಾಯಿತು. ಕೆಲಕಾಲ ಆ ನಗರದ ಮೇಯರರಾಗಿದ್ದ ಸರ್ ಡೇನಿಯಲ್ ಡಿಕ್ಸನ್ನರ ಕಾರ್ಯದರ್ಶಿಯಾಗಿದ್ದು ಅವರ ಭಾಷಣಗಳನ್ನು ಬರೆದುಕೊಡುತ್ತಿದ್ದರು. 1894ರಲ್ಲಿ ಮೊದಲ ಕವಿತಾಸಂಗ್ರಹವು ಹೊರಬಂದಿತು. 1897ರಲ್ಲಿ ಡಬ್ಲಿನ್ ಪಟ್ಟಣಕ್ಕೆ ಬಂದು ನೆಲೆಸಿದರು.

ಡಬ್ಲಿನ್ನಿನಲ್ಲಿ ಆಗ ಏನು ನಡೆಯುತ್ತಿದ್ದಿತೆಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಐರ್ಲೆಂಡಿಗೆ ತನ್ನದೇ ಆದ ಭಾಷೆಯೊಂದುಂಟು. ಇಂಗ್ಲಿಷಿಗಿಂತ ಹಳೆಯದಾದ ಸಾಹಿತ್ಯವೂ ಪುರಾಣಕಥೆಗಳೂ ಅದರಲ್ಲಿವೆ. ಇಂಗ್ಲೆಂಡಿನ ಆಳ್ವಿಕೆಯಲ್ಲಿ ಅದು ರಾಜಕಾರ್ಯದಿಂದಲೂ ನ್ಯಾಯಸ್ಥಾನದಿಂದಲೂ ಹಿಂದೆ ಸರಿಯಿತು. 1831ರಿಂದ ದೇಶದಲ್ಲೆಲ್ಲ ಹರಡಿದ ಸರ್ಕಾರಿ ಪಾಠಶಾಲೆಗಳು ಮಕ್ಕಳಿಗೆ ಇಂಗ್ಲಿಷಿನಲ್ಲಿಯೇ ಪಾಠ ಹೇಳಿದುವು. 1845ರಿಂದ ಮೊದಲ್ಗೊಂಡು ಆಲೂಗೆಡ್ಡೆಯ ಬೆಳೆ ಕೊಳೆತು ಬಂದ ಘೋರ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಮಡಿದರು. ಅಷ್ಟೇ ಮಂದಿ ಅಥವಾ ಅದಕ್ಕಿಂತ ಹೆಚ್ಚು ಮಂದಿ ಹಡಗು ಹತ್ತಿ ದೇಶಾಂತರ ಹೋದರು. ಹಾಗೆ ಸತ್ತವರಲ್ಲಿಯೂ ಹೋದವರಲ್ಲಿಯೂ ಐರಿಷ್ ಮಾತನಾಡುತ್ತಿದ್ದ ಬಡಜನರೇ ಬಹುಮಂದಿ. ಉಳಿದವರು ಕಂಡುಕೊಂಡುದು ಒಂದೇ: ಇಂಗ್ಲಿಷ್ ಬಂದರೆ ಅನ್ನವುಂಟು.

ಕೆಲವು ಊರುಗಳಲ್ಲಿ ಮಕ್ಕಳ ಕೊರಳಿಗೆ ಮರದ ತುಂಡೊಂದನ್ನು ಕಟ್ಟುವ ಪದ್ಧತಿಯಿದ್ದಿತು. ಮಗುವು ಮರೆತು ಐರಿಷ್ ಮಾತನ್ನಾಡಿದಾಗಲೆಲ್ಲ ಅದರ ಮೇಲೆ ಒಂದು ಕಚ್ಚು. ಕಚ್ಚುಗಳೆಷ್ಟೋ ಅಷ್ಟು ಏಟು. ಇಲ್ಲಿ ಗಮನಿಸತಕ್ಕ ಸಂಗತಿಯೇನೆಂದರೆ, ಇದು ಉಪಾಧ್ಯಾಯರೊಬ್ಬರ ಕ್ರೌರ್ಯವಾಗಿರಲಿಲ್ಲ; ತಾಯಿತಂದೆಗಳೂ ಇದಕ್ಕೆ ಒಪ್ಪಿದ್ದರು. ಮಗನ ಮೇಲಣ ಪ್ರೀತಿಯಿಂದಲೇ, ಅವನ ಹೊಟ್ಟೆಯ ಪಾಡನ್ನು ನೆನೆದೇ, ತಮ್ಮ ನಾಲಗೆಯ ಮಾತನ್ನು ಅವನ ನಾಲಗೆಯಿಂದ ಕಿತ್ತರು. ಎರಡು ಮೂರು ತಲೆಮಾರುಗಳು ಕಳೆಯುವಷ್ಟರಲ್ಲಿ ಅಜ್ಜಿಯ ಮಾತು ಮೊಮ್ಮಗಳಿಗೆ ತಿಳಿಯದಂತಾಯಿತು. 1893ರಲ್ಲಿ ಡಗ್ಲಸ್ ಹೈಡ್ ಮುಂತಾದವರು ಆ ಭಾಷೆಯ ಉದ್ಧಾರಕ್ಕಾಗಿ ಸಂಘವನ್ನು ಕಟ್ಟಿದಾಗ ಅದು ಪಶ್ಚಿಮದ ಕಡಲತಡಿಯ ಹಳ್ಳಿಗಳಲ್ಲಿ ಮಾತ್ರ ಮನೆಮಾತಾಗಿ ಉಳಿದಿದ್ದಿತು. ಮುಂದೆ ದೇಶವು ಸ್ವತಂತ್ರವಾಗಿ, ಐರಿಷ್ ಭಾಷೆಗೆ ರಾಜ್ಯಾಂಗದಲ್ಲಿ ಮೊದಲ ಸ್ಥಾನ ದೊರೆತು, ಎಲ್ಲ ಶಾಲೆಗಳಲ್ಲಿಯೂ ಅದನ್ನು ಕಲಿಸತೊಡಗಿದರೂ, ಅದು ಹಿಂದಿನಂತೆ ಜನರ ಮನೆಮಾತಾಗಿಲ್ಲ.

ಕಸಿನ್ಸರ ಮನೆಮಾತು ಇಂಗ್ಲಿಷೇ. ಆದರೂ ಆ ನಷ್ಟದ ನೋವನ್ನು ಅರಿತ ಕವಿಗಳ ನಡುವೆ ಆತನು ಬೆಳೆದರು. ಯೇಟ್ಸ್, ಜಾರ್ಜ್ ರಸೆಲ್ ಮೊದಲಾದವರು ಐರ್ಲೆಂಡಿನ ಹಳೆಯ ಕಥೆಗಳನ್ನು ಇಂಗ್ಲಿಷ್ ನಾಟಕಗಳಲ್ಲಿಯೂ ಪದ್ಯಗಳಲ್ಲಿಯೂ ಹೊಸದಾಗಿ ಹೇಳುತ್ತಿದ್ದ ಕಾಲವದು. 1902ರಲ್ಲಿ ಕಸಿನ್ಸರ ನಾಟಕಗಳೂ ಡಬ್ಲಿನ್ನಿನ ರಂಗದ ಮೇಲೆ ಬಂದುವು. 1905ರಿಂದ ಆತನು ಆ ಪಟ್ಟಣದ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಉಪಾಧ್ಯಾಯರಾದರು. ಯೇಟ್ಸರ ಎತ್ತರಕ್ಕೆ ಏರಿದ ಕವಿ ಕಸಿನ್ಸರಲ್ಲವೆಂದು ವಿಮರ್ಶಕರೆಲ್ಲರೂ ಹೇಳುವರು; ನಮಗೂ ಹಾಗೆಯೇ ತೋರುವುದು. ತರುಣ ಜೇಮ್ಸ್ ಜಾಯ್ಸ್ 1904ರಲ್ಲಿ ಕೆಲವು ದಿನ ಇವರ ಮನೆಯಲ್ಲಿ ತಂಗಿದ್ದು, ಮುಂದೆ ಇವರನ್ನು ಪದ್ಯದಲ್ಲಿ ಹಾಸ್ಯಮಾಡಿದ್ದೂ ಉಂಟು. ಉಂಡ ಮನೆಯನ್ನು ಹೀಗೆ ನೆನೆಯುವುದು ದೊಡ್ಡ ಲೇಖಕರಿಗೂ ಒಪ್ಪುವ ಕೆಲಸವಲ್ಲ.

1903ರಲ್ಲಿ ಕಸಿನ್ಸರು ಮಾರ್ಗರೆಟ್ ಗಿಲೆಸ್ಪಿ ಎಂಬಾಕೆಯನ್ನು ವಿವಾಹವಾಗಿದ್ದರು. ಸಂಗೀತದಲ್ಲಿ ಪದವಿ ಪಡೆದ ಈ ಮಹಿಳೆಯು 1908ರಲ್ಲಿ ಐರ್ಲೆಂಡಿನ ಸ್ತ್ರೀಯರಿಗೆ ಮತದಾನದ ಹಕ್ಕನ್ನು ಬೇಡುವ ಸಂಘವನ್ನು ಗೆಳತಿಯರೊಡನೆ ಸ್ಥಾಪಿಸಿ, ಅದಕ್ಕಾಗಿ ಲಂಡನ್ನಿನಲ್ಲಿಯೂ ಐರ್ಲೆಂಡಿನಲ್ಲಿಯೂ ಸೆರೆಮನೆಯ ವಾಸವನ್ನು ಅನುಭವಿಸಿದರು. ಮನೆಯೊಳಗೆ ಶಾಕಾಹಾರ, ಹೊರಗೆ ಹೋರಾಟ: ದಂಪತಿಗಳಿಬ್ಬರೂ ತಾವು ಹುಟ್ಟಿಬೆಳೆದ ಮಾರ್ಗವನ್ನು ಬಿಟ್ಟು ಥಿಯಾಸಫಿಯ ಕಡೆಗೆ ಒಲಿದರು. ಅವರ ಮತಮಾರ್ಗವು ನಮ್ಮದಲ್ಲ. ಆದರೆ ಇಂಡಿಯಾ ದೇಶಕ್ಕೆ ಅವರನ್ನು ಕರೆತಂದುದು ಆ ಮಾರ್ಗವೇ ಆದುದರಿಂದ ಅದನ್ನು ಹೇಳದೆ ಬಿಡಲಾಗದು.

1915ರಲ್ಲಿ ಆನಿ ಬೆಸೆಂಟರ ಆಹ್ವಾನದ ಮೇರೆಗೆ ಅವರು ಮದರಾಸಿಗೆ ಬಂದರು. ಬೆಸೆಂಟರ ನ್ಯೂ ಇಂಡಿಯಾ ಪತ್ರಿಕೆಯಲ್ಲಿ ಕಸಿನ್ಸರಿಗೆ ಕೆಲಸ ದೊರೆಯಿತು. ಅದು ಬಹುಕಾಲ ನಿಲ್ಲಲಿಲ್ಲ. 1916ರ ಈಸ್ಟರ್ ಹಬ್ಬದ ವಾರದಲ್ಲಿ ಡಬ್ಲಿನ್ನಿನಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ದಂಗೆಯೆದ್ದವರನ್ನು ಗುಂಡಿಕ್ಕಿ ಕೊಲ್ಲಲಾಗಿ, ಕಸಿನ್ಸರು ಅವರನ್ನು ಮೆಚ್ಚಿ ಪತ್ರಿಕೆಯಲ್ಲಿ ಬರೆದರು. ಪರಿಣಾಮವಾಗಿ ಪತ್ರಿಕೆಯ ಕೆಲಸ ಹೋಯಿತು. ನಲವತ್ತನ್ನು ದಾಟಿದ ವಯಸ್ಸಿನಲ್ಲಿ, ಪರದೇಶದಲ್ಲಿ, ಕೈಯಲ್ಲಿ ಕೆಲಸವಿಲ್ಲದೆ ನಿಂತ ಆತನಿಗೆ ಮತ್ತೆ ಆಸರೆಯಾದುದು ಇಂಗ್ಲಿಷ್ ಪಾಠವೇ. ನಮ್ಮ ಕೋಲಾರದ ಗಡಿಗೆ ಸಮೀಪವಾದ ಮದನಪಲ್ಲಿಯಲ್ಲಿ ಬೆಸೆಂಟರು 1915ರಲ್ಲಿ ಸ್ಥಾಪಿಸಿದ್ದ ಕಾಲೇಜಿಗೆ ಇಂಗ್ಲಿಷ್ ಬೋಧಕರಾಗಿ ಹೋದರು. ಮುಂದೆ ಅಲ್ಲಿಯ ಪ್ರಿನ್ಸಿಪಾಲರೂ ಆದರು.

ಆ ಪುಟ್ಟ ಊರಿನಿಂದಲೇ ಆತನ ಬರೆವಣಿಗೆ ದೇಶದ ದೊಡ್ಡ ದೊಡ್ಡ ಮನಸ್ಸುಗಳನ್ನು ಮುಟ್ಟಿತು. ಇಂಗ್ಲಿಷ್ ಸಾಹಿತ್ಯದ ಹೊಸ ಹಾದಿಗಳನ್ನು ಕುರಿತು 1917ರಲ್ಲಿ ಆತನು ಪ್ರಕಟಿಸಿದ ಪುಸ್ತಕವನ್ನು ವಿಮರ್ಶಿಸಲು ಕುಳಿತ ಶ್ರೀ ಅರವಿಂದರು, ಆ ವಿಮರ್ಶೆಯನ್ನೇ ಬೆಳೆಸಿ ಭವಿಷ್ಯದ ಕಾವ್ಯವನ್ನು ಕುರಿತ ತಮ್ಮ ದೊಡ್ಡ ಗ್ರಂಥವನ್ನಾಗಿ ಮಾಡಿದರು. 1919ರ ಫೆಬ್ರವರಿಯ ಕೊನೆಯಲ್ಲಿ ಠಾಕೂರರು ವಿಶ್ರಾಂತಿಗಾಗಿ ಮದನಪಲ್ಲಿಗೆ ಬಂದರು. 1911ರಲ್ಲಿ ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನದಲ್ಲಿ ಮೊದಲು ಹಾಡಲ್ಪಟ್ಟಿದ್ದ ಜನಗಣಮನವನ್ನು ಅವರು ಅಲ್ಲಿ ಹಾಡಿ ತೋರಿಸಿದರು. ಅಲ್ಲಿಯೇ ಅದನ್ನು ತಾವೇ ಇಂಗ್ಲಿಷಿಗೆ ತಿರುಗಿಸಿದರು. ಶ್ರೀಮತಿ ಕಸಿನ್ಸರು ಅದರ ರಾಗವನ್ನು ಪಾಶ್ಚಾತ್ಯ ಸ್ವರಲಿಪಿಯಲ್ಲಿ ಬರೆದುಕೊಂಡರು. 1950ರ ಜನವರಿ 24ರಂದು ಆ ಗೀತೆಯನ್ನು ರಾಷ್ಟ್ರಗೀತೆಯೆಂದು ಅಂಗೀಕರಿಸಲಾಯಿತು.

ಅದೇ 1919ರಲ್ಲಿ ಕಸಿನ್ಸರಿಗೆ ಜಪಾನಿನಿಂದ ಕರೆ ಬಂದಿತು. ಟೋಕಿಯೋ ನಗರದ ಕೇಯೋ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸಬೇಕೆಂಬುದೇ ಆ ಕರೆ. ಅದನ್ನು ತರಿಸಿದವರು ಯೋನೆ ನೊಗುಚಿ ಎಂಬ ಕವಿ. ಈತನ ವೃತ್ತಾಂತವೂ ವಿಚಿತ್ರವಾದುದೇ. ಹದಿನೆಂಟರ ಪ್ರಾಯದಲ್ಲಿ ಅಮೆರಿಕೆಗೆ ಹೋಗಿ, ಅಲ್ಲಿ ಇಂಗ್ಲಿಷಿನಲ್ಲಿಯೇ ಪದ್ಯ ಬರೆದು ಹೆಸರು ಪಡೆದು, 1904ರಲ್ಲಿ ಸ್ವದೇಶಕ್ಕೆ ಮರಳಿ, ತಾನು ಹಿಂದೆ ಓದಿದ ಕೇಯೋದಲ್ಲಿಯೇ ಇಂಗ್ಲಿಷ್ ಪ್ರೊಫೆಸರಾದವನು. ಕಸಿನ್ಸರು 1919–20ರಲ್ಲಿ ಸುಮಾರು ಒಂದು ವರ್ಷಕಾಲ ಟೋಕಿಯೋದಲ್ಲಿದ್ದರು. ವಿಮಾನಗಳಿಲ್ಲದ ಆ ಕಾಲದಲ್ಲಿ ಮದನಪಲ್ಲಿಯಿಂದ ಟೋಕಿಯೋಗೆ ಹೋಗುವುದೆಂದರೆ ವಾರಗಟ್ಟಲೆಯ ಹಡಗಿನ ಪ್ರಯಾಣ. ಮನೆಗೆ ಬರೆದ ಕಾಗದಕ್ಕೆ ಉತ್ತರ ಬರಬೇಕಾದರೆ ತಿಂಗಳುಗಳೇ ಬೇಕು.

ಜಪಾನಿಗೆ ಇಂಗ್ಲಿಷ್ ಕಲಿಸಲು ಹೋದವರಲ್ಲಿ ಕಸಿನ್ಸರು ಮೊದಲಿಗರಲ್ಲ. ಅವರಿಗಿಂತ ಮೂವತ್ತು ವರ್ಷ ಮೊದಲೇ, 1890ರಲ್ಲಿ, ಡಬ್ಲಿನ್ನಿನಲ್ಲಿಯೇ ಬೆಳೆದ ಲಾಫ್ಕಾಡಿಯೋ ಹರ್ನ್ ಎಂಬವರು ಜಪಾನಿನ ಮೂಲೆಯೂರಾದ ಮಾತ್ಸುಯೆಯ ಶಾಲೆಯಲ್ಲಿ ಇಂಗ್ಲಿಷ್ ಉಪಾಧ್ಯಾಯರಾಗಿ, ಬಳಿಕ ಕುಮಾಮೋಟೋದಲ್ಲಿದ್ದು, 1896ರಿಂದ 1903ರವರೆಗೆ ಟೋಕಿಯೋದ ಇಂಪೀರಿಯಲ್ ವಿಶ್ವವಿದ್ಯಾನಿಲಯದಲ್ಲಿ ಬೋಧಿಸಿದರು. ಅಲ್ಲಿಯ ಹೆಣ್ಣನ್ನು ಮದುವೆಯಾಗಿ, ಕೊಯಿಜುಮಿ ಯಾಕುಮೋ ಎಂದು ಹೆಸರಿಟ್ಟುಕೊಂಡು, ಜಪಾನಿನ ಪ್ರಜೆಯೇ ಆದರು. ಮುದುಕಿಯರು ಹೇಳುತ್ತಿದ್ದ ದೆವ್ವಭೂತಗಳ ಕಥೆಗಳನ್ನು ಆತನು ಬರೆದಿಟ್ಟನೆಂದು ಜಪಾನೀಯರು ಇಂದಿಗೂ ಕೃತಜ್ಞತೆಯಿಂದ ನೆನೆಯುವರು. ಹರ್ನರು ಬಿಟ್ಟ ಸ್ಥಾನಕ್ಕೆ ಬಂದವರು ನಾತ್ಸುಮೆ ಸೋಸೆಕಿ ಎಂಬ ಜಪಾನೀಯರು. ಸರ್ಕಾರದ ಖರ್ಚಿನಲ್ಲಿ ಲಂಡನ್ನಿಗೆ ಹೋಗಿ ಇಂಗ್ಲಿಷ್ ಸಾಹಿತ್ಯವನ್ನು ವ್ಯಾಸಂಗಮಾಡಿ ಬಂದಿದ್ದ ಈತನು, 1907ರಲ್ಲಿ ಉಪಾಧ್ಯಾಯ ವೃತ್ತಿಯನ್ನು ಬಿಟ್ಟು ಜಪಾನೀ ಭಾಷೆಯಲ್ಲಿ ಕಾದಂಬರಿಗಳನ್ನು ಬರೆದು, ಆ ದೇಶದ ಅಗ್ರಗಣ್ಯ ಲೇಖಕನಾದನು.

ಈ ಪ್ರಸಂಗವನ್ನು ನಾವು ಸುಮ್ಮನೆ ತಂದುದಲ್ಲ. ಜಪಾನು ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ಹೊರಗಿನವರಿಗೆ ಬಾಗಿಲಿಕ್ಕಿಕೊಂಡಿದ್ದ ದೇಶ. ಬಾಗಿಲು ತೆರೆದ ಮೊದಮೊದಲಲ್ಲಿ ಅಲ್ಲಿಯ ಉನ್ನತ ವಿದ್ಯೆಯೂ ಪರದೇಶದ ಬೋಧಕರ ಬಾಯಿಂದ, ಪರಭಾಷೆಯಲ್ಲಿಯೇ ನಡೆಯುತ್ತಿದ್ದಿತು. ವೈದ್ಯ, ನ್ಯಾಯಶಾಸ್ತ್ರ, ಯಂತ್ರವಿದ್ಯೆ ಇವುಗಳಿಗೆ ಬೇಕಾದ ಪದಗಳು ಜಪಾನೀ ಭಾಷೆಯಲ್ಲಿರಲಿಲ್ಲ. ಅಲ್ಲಿಯ ಪಂಡಿತರು ಇಂಗ್ಲಿಷನ್ನೂ ಜರ್ಮನ್ ಭಾಷೆಯನ್ನೂ ಶ್ರದ್ಧೆಯಿಂದ ಕಲಿತರು. ಕಲಿತುದನ್ನು ತಮ್ಮ ಮಾತಿಗೆ ತಂದರು. ಇಲ್ಲದ ಪದಗಳನ್ನು ಹುಟ್ಟಿಸಿದರು. ಕೇಯೋವನ್ನು 1858ರಲ್ಲಿ ಸ್ಥಾಪಿಸಿದ ಫುಕುಜಾವಾ ಯುಕಿಚಿ ಅಂಥವರಲ್ಲಿ ಹಿರಿಯನು. ಕಸಿನ್ಸರು ಹೋಗುವ ವೇಳೆಗೆ ವಿಶ್ವವಿದ್ಯಾನಿಲಯಗಳ ಪಾಠವೆಲ್ಲ ಬಹುಮಟ್ಟಿಗೆ ಜಪಾನೀ ಭಾಷೆಯಲ್ಲಿ ಸಾಗುತ್ತಿದ್ದಿತು. ಇಂಗ್ಲಿಷ್ ಗೌರವದಿಂದ ಕಲಿಯುವ ಒಂದು ಭಾಷೆಯಾಗಿದ್ದಿತೇ ಹೊರತು ಮನೆಯ ಯಜಮಾನಿಯಾಗಿರಲಿಲ್ಲ. ಮನೆಮಾತನ್ನು ಕಳೆದುಕೊಂಡ ದೇಶದಿಂದ ಬಂದ ಉಪಾಧ್ಯಾಯನಿಗೆ ಈ ನೋಟವು ಏನನ್ನು ಕಲಿಸಿರಬಹುದೆಂಬುದನ್ನು ವಾಚಕರೇ ಊಹಿಸಬಹುದು. ಆತನು ಜಪಾನನ್ನು ಕುರಿತು ಗ್ರಂಥವನ್ನು ಬರೆದನು. ಕೇಯೋ ವಿಶ್ವವಿದ್ಯಾನಿಲಯವು ಆತನಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು. ರಾತ್ರಿಶಾಲೆಯಲ್ಲಿ ಓದಿದ ಗುಮಾಸ್ತೆಗೆ ಇದು ಸಣ್ಣ ಸಂಗತಿಯಲ್ಲ.

ಅತ್ತ ಪತಿಯು ಟೋಕಿಯೋದಲ್ಲಿದ್ದ 1919–20ರ ಕಾಲದಲ್ಲಿ ಶ್ರೀಮತಿ ಕಸಿನ್ಸರು ನಮ್ಮ ಮಂಗಳೂರಿನ ರಾಷ್ಟ್ರೀಯ ಬಾಲಿಕಾ ಪಾಠಶಾಲೆಯ ಮೊದಲ ಮುಖ್ಯೋಪಾಧ್ಯಾಯಿನಿಯಾಗಿದ್ದರು. ಹೆಣ್ಣುಮಕ್ಕಳ ಶಾಲೆಯನ್ನು ಹೊಸದಾಗಿ ನಡೆಸುವುದರ ಕಷ್ಟವನ್ನು ಬಲ್ಲ ನಮಗೆ, ಆಕೆಯ ಮಿಕ್ಕ ಕೀರ್ತಿಗಳಿಗಿಂತ ಇದೇ ಹೆಚ್ಚು ಹತ್ತಿರವೆನಿಸುವುದು. ಮಿಕ್ಕವೂ ಅಲ್ಪವಲ್ಲ. 1917ರಲ್ಲಿ ಭಾರತೀಯ ಮಹಿಳಾ ಸಂಘ. ಅದೇ ವರ್ಷ ಡಿಸೆಂಬರಿನಲ್ಲಿ ಸರೋಜಿನಿ ನಾಯಿಡು ಅವರ ಮುಂದಾಳುತನದಲ್ಲಿ ಮಾಂಟೆಗು ಸಾಹೇಬರನ್ನು ಕಂಡು ಸ್ತ್ರೀಯರಿಗೂ ಮತದಾನದ ಹಕ್ಕನ್ನು ಬೇಡಿದ ನಿಯೋಗದ ಏರ್ಪಾಡು. 1927ರಲ್ಲಿ ಪುಣೆಯಲ್ಲಿ ಸೇರಿದ ಅಖಿಲ ಭಾರತ ಮಹಿಳಾ ಸಮ್ಮೇಳನ. ಮಂಗಳೂರಿನವರೇ ಆದ ಕಮಲಾದೇವಿ ಚಟ್ಟೋಪಾಧ್ಯಾಯರನ್ನು 1926ರಲ್ಲಿ ಮದರಾಸಿನ ಶಾಸನಸಭೆಗೆ ಅಭ್ಯರ್ಥಿಯಾಗಿ ನಿಲ್ಲಿಸಲು ಹುರಿದುಂಬಿಸಿದವರೂ ಆಕೆಯೇ. ಕಮಲಾದೇವಿಯವರು ಅಲ್ಪ ಮತಗಳಿಂದ ಸೋತರು. ಆದರೆ ಹೆಂಗಸು ಚುನಾವಣೆಗೆ ನಿಲ್ಲಬಹುದೆಂಬುದನ್ನು ಊರು ಕಂಡಿತು.

ಈಗ ಮೈಸೂರಿಗೆ ಬರೋಣ. ಮಲೆನಾಡಿನ ಕುಪ್ಪಳಿಯ ಪುಟ್ಟಪ್ಪ ಎಂಬ ಹುಡುಗನು ಮೈಸೂರಿನ ವೆಸ್ಲಿಯನ್ ಮಿಷನ್ ಹೈಸ್ಕೂಲಿನಲ್ಲಿ ಓದುತ್ತಿದ್ದನು. ಷೇಕ್ಸ್‌ಪಿಯರ್, ವರ್ಡ್ಸ್‌ವರ್ತ್ ಮೊದಲಾದ ಕವಿಗಳಲ್ಲಿ ಮುಳುಗಿದ್ದ ಆತನು ತಾನೂ ಇಂಗ್ಲಿಷಿನಲ್ಲಿ ಪದ್ಯ ಬರೆಯತೊಡಗಿ, 1922ರಲ್ಲಿಯೇ ಬಿಗಿನರ್ಸ್ ಮ್ಯೂಸ್ ಎಂಬ ಕಿರುಪುಸ್ತಕವನ್ನು ಅಚ್ಚುಮಾಡಿಸಿದ್ದನು. ಮಿಷನ್ ಶಾಲೆಯ ಇಂಗ್ಲಿಷ್ ಪಾಠವು ಒಬ್ಬ ಹುಡುಗನನ್ನು ಅಷ್ಟು ದೂರ ಕರೆದೊಯ್ದಿತೆಂದು ನಮಗೆ ಹೆಮ್ಮೆಯೇ. 1924ರಲ್ಲಿ ಕಸಿನ್ಸರು ಮೈಸೂರಿಗೆ ಬಂದಿದ್ದಾಗ ತರುಣನು ತನ್ನ ಹಸ್ತಪ್ರತಿಗಳನ್ನು ಹಿಡಿದು ಅವರನ್ನು ಕಾಣಲು ಹೋದನು. ಐರ್ಲೆಂಡಿನ ಕವಿ, ಯೇಟ್ಸರ ಒಡನಾಡಿ, ಟೋಕಿಯೋದಲ್ಲಿ ಪಾಠ ಹೇಳಿ ಬಂದ ಪ್ರೊಫೆಸರು: ಇಂಥವರ ಬಾಯಿಂದ ಮೆಚ್ಚುಗೆಯ ಒಂದು ಮಾತು ಬಂದರೆ ಸಾಕೆಂದು ಆತನ ಆಸೆ.

ಕಸಿನ್ಸರು ಪದ್ಯಗಳನ್ನು ಓದಿದರು. ತರುಣನು ಉಟ್ಟಿದ್ದ ಖಾದಿಯನ್ನೂ ನೋಡಿದರು. ಉಡುಪೆಲ್ಲ ಸ್ವದೇಶಿಯಾಗಿರುವಾಗ ಕವಿತೆ ಮಾತ್ರ ಪರದೇಶಿಯಾಗಿರುವುದೇಕೆಂಬ ಅರ್ಥದಲ್ಲಿ ಮಾತನಾಡಿ, ಕನ್ನಡದಲ್ಲಿ ಏನಾದರೂ ಬರೆದಿರುವಿರಾ ಎಂದು ವಿಚಾರಿಸಿದರು. ತರುಣನಿಗೆ ಮುಖಭಂಗವಾದಂತಾಯಿತು. ಹೊಸ ಭಾವಗಳನ್ನು ಹೇಳಲು ಕನ್ನಡದಲ್ಲಿ ಅನುಕೂಲವಾದ ಛಂದಸ್ಸಿಲ್ಲವೆಂದು ವಾದಿಸಿದನು. ಠಾಕೂರರು ಬಂಗಾಳಿಯಲ್ಲಿ ಮಾಡಿದಂತೆ ನೀವೂ ಹೊಸ ರೂಪಗಳನ್ನು ಕಂಡುಹಿಡಿಯಬೇಕು, ಯಾವ ಭಾಷೆಯೂ ತನ್ನಷ್ಟಕ್ಕೆ ಅಸಮರ್ಥವಲ್ಲ, ಸಮರ್ಥನಾದವನು ಬಳಸಿದರೆ ಅದು ಸಮರ್ಥವಾಗುವುದೆಂಬ ತಾತ್ಪರ್ಯದ ಹಿತವಚನವನ್ನು ಕಸಿನ್ಸರು ಹೇಳಿ ಕಳುಹಿಸಿದರು. ಆ ಭೇಟಿಯ ತರುವಾಯ ಪುಟ್ಟಪ್ಪನವರ ಲೇಖನಿಯು ಕನ್ನಡಕ್ಕೆ ಹೊರಳಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಒಬ್ಬ ಅತಿಥಿಯ ಒಂದು ಮಾತಿನಿಂದಲೇ ಕುವೆಂಪು ಹುಟ್ಟಿದರೆಂದು ಹೇಳುವುದು ಅತಿಶಯೋಕ್ತಿ. ಆ ವೇಳೆಗೆ ಕನ್ನಡದ ಗಾಳಿಯೇ ಬದಲಾಗುತ್ತಿದ್ದಿತು. ಮೈಸೂರಿನಲ್ಲಿ ಇಂಗ್ಲಿಷ್ ಪ್ರೊಫೆಸರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರು 1911ರಲ್ಲಿಯೇ ಧಾರವಾಡದಲ್ಲಿ ಕನ್ನಡದ ಏಳಿಗೆಯನ್ನು ಕುರಿತು ಉಪನ್ಯಾಸ ಮಾಡಿ, ಇಂಗ್ಲಿಷ್ ಕವಿತೆಗಳನ್ನು ಹೊಸ ಛಂದಸ್ಸಿನ ಕನ್ನಡಕ್ಕೆ ತರುವ ಕೆಲಸದಲ್ಲಿದ್ದರು. ಪುಟ್ಟಪ್ಪನವರು ಎಂ.ಎ. ಪರೀಕ್ಷೆಗೆ ಕನ್ನಡವನ್ನು ತೆಗೆದುಕೊಳ್ಳಲು ಟಿ. ಎಸ್. ವೆಂಕಣ್ಣಯ್ಯನವರ ಒತ್ತಾಸೆಯೂ ಕಾರಣ. ಬೀಜವಿದ್ದಿತು, ನೆಲವೂ ಹದವಾಗಿದ್ದಿತು. ಆದರೆ ಆ ದಿನ ಕಸಿನ್ಸರು ಪದ್ಯಗಳನ್ನು ಹೊಗಳಿ ಬೆನ್ನುತಟ್ಟಿ ಕಳುಹಿಸಿದ್ದರೆ? ಹೊಗಳುವುದು ಸುಲಭವಾಗಿದ್ದಿತು, ತಾನು ಕಲಿಸುವ ಭಾಷೆಯಲ್ಲಿ ಹಿಂದೂಸ್ಥಾನದ ಹುಡುಗನೊಬ್ಬನು ಬರೆದುದನ್ನು ನೋಡಿ ಉಪಾಧ್ಯಾಯನಿಗೆ ಸಂತೋಷವಾಗುವುದೂ ಸಹಜ. ಆತನಾದರೋ ಕನ್ನಡವನ್ನು ಅರಿತವನಲ್ಲ. ತನಗೆ ತಿಳಿಯದ ಭಾಷೆಯ ಕಡೆಗೆ ಹುಡುಗನನ್ನು ಕಳುಹಿಸಿದನು. ಇಂಗ್ಲಿಷ್ ಉಪಾಧ್ಯಾಯರಿಗೆ ಇದಕ್ಕಿಂತ ಕಠಿಣವಾದ ಪರೀಕ್ಷೆಯುಂಟೇ?

ತಾಯಿತಂದೆಗಳು ಇದನ್ನು ತಪ್ಪಾಗಿ ತಿಳಿಯಬಾರದು. ಕಸಿನ್ಸರು ಇಂಗ್ಲಿಷನ್ನು ಬಿಡಿರೆಂದು ಹೇಳಿದವರಲ್ಲ; ಬಾಳೆಲ್ಲ ಅದನ್ನೇ ಕಲಿಸಿದವರು. ಕುವೆಂಪು ಅವರೂ ಇಂಗ್ಲಿಷ್ ಸಾಹಿತ್ಯವನ್ನು ಕೊನೆಯವರೆಗೂ ಓದಿದರು. ಇಂಗ್ಲಿಷನ್ನು ಚೆನ್ನಾಗಿ ಕಲಿತದ್ದರಿಂದಲೇ ಅವರ ಕನ್ನಡಕ್ಕೆ ಹೊಸ ಶಕ್ತಿ ಬಂದಿತು. ನಮ್ಮ ತರಗತಿಗಳಲ್ಲಿ ನಾವು ಕಾಣುವುದೂ ಇದೇ. ಕನ್ನಡದಲ್ಲಿ ಒಂದು ಸಂಗತಿಯನ್ನು ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿ ಹೇಳಬಲ್ಲ ಹುಡುಗಿಯು ಇಂಗ್ಲಿಷಿನಲ್ಲಿಯೂ ಬೇಗ ಮುಂದೆ ಬರುವಳು. ಎರಡರಲ್ಲಿಯೂ ಅರೆಬರೆಯಾದ ಮಗುವು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಉತ್ತೀರ್ಣಳಾದರೂ, ಕೇಳಿದ ಪ್ರಶ್ನೆಗೆ ತನ್ನ ಮಾತಿನಲ್ಲಿ ಉತ್ತರ ಕೊಡಲಾರದೆ ತಲೆತಗ್ಗಿಸುವಳು.

ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳುವೆವು. ಈ ನಾಲ್ಕು ತಾಲ್ಲೂಕುಗಳ ಮನೆಮಾತು ಕನ್ನಡವೊಂದೇ ಅಲ್ಲ. ಹೆಗ್ಗಡದೇವನಕೋಟೆ, ಹುಣಸೂರುಗಳ ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬರದೂ ಬೆಟ್ಟಕುರುಬರದೂ ಬೇರೆಯೇ ನುಡಿ. ಪಿರಿಯಾಪಟ್ಟಣದ ಬೈಲಕುಪ್ಪೆಯಲ್ಲಿ 1960ರ ಸುಮಾರಿನಿಂದ ನೆಲೆಸಿದ ಟಿಬೆಟಿನ ನಿರಾಶ್ರಿತರು ದೇಶವನ್ನು ಬಿಟ್ಟು ಬಂದರೂ ಭಾಷೆಯನ್ನು ಬಿಡದೆ, ತಮ್ಮ ಶಾಲೆಗಳಲ್ಲಿ ಮಕ್ಕಳಿಗೆ ಅದನ್ನು ಕಲಿಸುತ್ತಿರುವರು. ಹಾಡಿಯಿಂದ ಬಂದ ಹುಡುಗಿಯು ಆಟದ ಬಯಲಿನಲ್ಲಿ ತಂಗಿಯೊಡನೆ ತನ್ನ ಮಾತನ್ನಾಡಿದಾಗ ನಕ್ಕ ಇತರ ಮಕ್ಕಳನ್ನು ನಾವು ತಿದ್ದಬೇಕಾಗಿ ಬಂದುದುಂಟು. ಇಂಗ್ಲಿಷಿನೆದುರು ಕನ್ನಡಕ್ಕೆ ಆಗಬಾರದೆಂದು ನಾವು ಬಯಸುವುದು, ಕನ್ನಡದೆದುರು ಆ ಚಿಕ್ಕ ನುಡಿಗಳಿಗೂ ಆಗಬಾರದು. ಐರ್ಲೆಂಡಿನ ಮರದ ತುಂಡು ಯಾವ ಕೊರಳಿಗೆ ಬಿದ್ದರೂ ಮರದ ತುಂಡೇ.

ಕಸಿನ್ಸರ ಉಳಿದ ಬಾಳನ್ನು ಸಂಕ್ಷೇಪವಾಗಿ ಹೇಳಬಹುದು. ಚಿತ್ರಕಲೆಯಲ್ಲಿ ಆತನಿಗೆ ಅಪಾರ ಆಸಕ್ತಿ. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯನ್ನು 1924ರಲ್ಲಿ ಅಣಿಗೊಳಿಸುವುದರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರಿಗೆ ನೆರವಾದರು. ನಮ್ಮ ಚಿತ್ರಗಾರ ಕೆ. ವೆಂಕಟಪ್ಪನವರ ಕೃತಿಗಳನ್ನು ಮೆಚ್ಚಿ ಬರೆದರು. ಮೈಸೂರಿಗೆ ಪ್ರವಾಸ ಹೋಗಿ ಆ ಚಿತ್ರಶಾಲೆಯನ್ನು ನೋಡಿದ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಈ ಸಂಗತಿ ಹೊಸದಾಗಿರಬಹುದು. ತಿರುವಾಂಕೂರಿನ ಕಲಾಸಲಹೆಗಾರರಾಗಿ 1935ರಲ್ಲಿ ತಿರುವನಂತಪುರದಲ್ಲಿಯೂ ಚಿತ್ರಾಲಯವೊಂದನ್ನು ತೆರೆಯಿಸಿದರು. 1937ರಲ್ಲಿ ಹಿಂದೂಮತವನ್ನು ಸ್ವೀಕರಿಸಿದರು. ಯೂರೋಪು ಅಮೆರಿಕೆಗಳಲ್ಲಿಯೂ ಉಪನ್ಯಾಸಗಳನ್ನು ಮಾಡಿದರು. ಮದನಪಲ್ಲಿಯ ಕಾಲೇಜಿನ ಹೊಣೆಯನ್ನು 1930ರ ದಶಕದಲ್ಲಿ ಮತ್ತೊಮ್ಮೆ ಹೊತ್ತರು. ಹೀಗೆ ಹಲವು ಕೆಲಸಗಳಿಗೆ ಕೈಹಾಕಿದ್ದರಿಂದಲೇ ಯಾವುದೊಂದರಲ್ಲಿಯೂ ಪರಾಕಾಷ್ಠೆಯನ್ನು ಮುಟ್ಟಲಿಲ್ಲವೆಂಬ ಆಕ್ಷೇಪಣೆಯಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಐರ್ಲೆಂಡು ತನ್ನ ಕವಿಗಳ ಸಾಲಿನಲ್ಲಿ ಆತನನ್ನು ಬಹುಮಟ್ಟಿಗೆ ಮರೆತಿರುವುದು.

ಶ್ರೀಮತಿ ಕಸಿನ್ಸರು 1932ರಲ್ಲಿ ಸರ್ಕಾರದ ದಮನಕಾರಿ ಆಜ್ಞೆಗಳ ವಿರುದ್ಧ ಮದರಾಸಿನಲ್ಲಿ ಮಾತನಾಡಿ ಮತ್ತೆ ಸೆರೆಮನೆ ಸೇರಿದರು. 1940ರ ದಶಕದಲ್ಲಿ ಪಾರ್ಶ್ವವಾಯುವಿಗೆ ಗುರಿಯಾಗಿ, ಕೊನೆಯ ವರ್ಷಗಳನ್ನು ಪತಿಯ ಆರೈಕೆಯಲ್ಲಿ ಕಳೆದರು. ಆ ದಿನಗಳಲ್ಲಿಯೂ ಇಬ್ಬರೂ ಸೇರಿ ತಮ್ಮ ಜೀವನಚರಿತ್ರೆಯನ್ನು ಬರೆದು ಮುಗಿಸಿದರು; ಅಧ್ಯಾಯಗಳನ್ನು ಹಂಚಿಕೊಂಡು ಇಬ್ಬರೂ ಒಂದೇ ಕಥೆಯನ್ನು ಹೇಳುವ ಆ ದೊಡ್ಡ ಗ್ರಂಥವು 1950ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. 1954ರ ಮಾರ್ಚ್ 11ರಂದು ಆಕೆಯೂ, 1956ರ ಫೆಬ್ರವರಿ 20ರಂದು ಮದನಪಲ್ಲಿಯಲ್ಲಿ ಆತನೂ ದೈವಾಧೀನರಾದರು.

ಅದೇ 1956ರಲ್ಲಿ ಕುವೆಂಪು ಅವರು ಮೈಸೂರು ವ��ಶ್ವವಿದ್ಯಾನಿಲಯದ ಉಪಕುಲಪತಿಗಳಾಗಿ, ಉನ್ನತ ವಿದ್ಯೆಯು ಕನ್ನಡದಲ್ಲಿ ದೊರೆಯಬೇಕೆಂದು ಪಠ್ಯಗ್ರಂಥಗಳನ್ನು ಬರೆಸತೊಡಗಿದರು. ಶ್ರೀರಾಮಾಯಣದರ್ಶನಂ ಮಹಾಕಾವ್ಯಕ್ಕಾಗಿ 1967ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಯು ಅವರಿಗೆ ಬಂದಿತು. 1980ರಲ್ಲಿ ಹೊರಬಂದ ತಮ್ಮ ಆತ್ಮಕಥೆ ನೆನಪಿನ ದೋಣಿಯಲ್ಲಿ ಎಂಬ ಗ್ರಂಥದಲ್ಲಿ ಅವರು ಕಸಿನ್ಸರನ್ನು ಕಂಡ ಪ್ರಸಂಗವನ್ನು ನೆನೆದು ಬರೆದಿರುವರು. ಆ ಭೇಟಿ ನಡೆದು ಆಗ್ಗೆ 56 ವರ್ಷಗಳಾಗಿದ್ದುವು. ನಮ್ಮ ಶಾಲೆಯ ಪುಸ್ತಕಭಂಡಾರದಲ್ಲಿ ಆ ಗ್ರಂಥವುಂಟು. ಹಳೆಯ ವಿದ್ಯಾರ್ಥಿನಿಯರು ಬಂದಾಗ ಕೇಳಿ ಪಡೆದು ಓದಬಹುದು.